ರೋಶನಬಿ ಮತ್ತು ಗಿನ್ನಿ ಕೋಳಿಯ ತತ್ತಿ

ಮುಂಡರಗಿಯ ರೋಶನಬಿಗೆ ಫೋನಿನಲ್ಲಿ ಮಾತಾಡುವುದು ಎಂದೂ ಒಗ್ಗಿರಲಿಲ್ಲ. ಆದರೂ ಶುಕ್ರವಾರದ ನಮಾಜು ಮುಗಿಸಿ ತಮ್ಮ ಮರ್ದಾನಸಾಬ ಊಟಕ್ಕೆ ಬಂದ ಕೂಡಲೇ ಅವನ ಮುಂದೆ ಕೈಚಾಚಿ, "ಅಸುಂಡಿಗೆ ಹಚ್ಚಿಕೊಡು" ಎನ್ನುವುದನ್ನು ಆಕೆ ಬಿಟ್ಟಿರಲಿಲ್ಲ. ಅಸುಂಡಿಯಲ್ಲಿ ರೇಣುಕವ್ವ ಇದ್ದಳು. ಹೊಳೆದಂಡೆಯ ಊರಿನಲ್ಲಿ ಅವರಿಬ್ಬರದೂ ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳು. ನಡುವೆ ಬೇಲಿಯಿಲ್ಲದ ಒಂದೇ ಹಿತ್ತಲು. ಆ ಊರು ಈಗ ಇಲ್ಲ. ಕೆಳಗೆ ಬ್ಯಾರೇಜು ಕಟ್ಟಿ ತುಂಗಭದ್ರೆಯ ನೀರು ಹಿಂದೆ ನಿಂತಾಗ ಊರವರೆಲ್ಲ ಎದ್ದು ಬಂದರು. ರೇಣುಕವ್ವನ ಗಂಡ ದೇವೇಂದ್ರಪ್ಪ ಮಗಳ ಊರಾದ ಅಸುಂಡಿಯಲ್ಲಿ ಹೊಲ ಹಿಡಿದ. ರೋಶನಬಿ ಗಂಡ ರಫೀಕನ ಜೊತೆ ಸ್ವಲ್ಪ ಕಾಲ ಸರಕಾರ ಕೊಟ್ಟ ಹೊಸ ಪ್ಲಾಟಿನಲ್ಲಿದ್ದು, ಅವನು ತೀರಿಕೊಂಡ ಮೇಲೆ ಮುಂಡರಗಿಗೆ ತಮ್ಮನ ಮನೆಗೆ ಬಂದಳು. ಜಗಳವಾಡಿ ದೂರವಾದವರಲ್ಲ. ಒಬ್ಬೊಬ್ಬರನ್ನು ಒಂದೊಂದು ಲಾರಿ ಒಂದೊಂದು ಕಡೆ ಇಳಿಸಿತು, ಅಷ್ಟೇ.

ಆಚೆ ಫೋನು ಎತ್ತುವವನು ಯಾವಾಗಲೂ ದೇವೇಂದ್ರಪ್ಪನೇ. ರೇಣುಕವ್ವನ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತ ಬಂದು ಈಗ ಪೂರ್ತಿ ನಿಂತೇಹೋಗಿತ್ತು. ಗದಗಿನಲ್ಲಿ ತೋರಿಸಿ ಮಷಿನ್ ಹಾಕಿಸಿದ್ದೂ ಆಗಿತ್ತು, ಅದು ಗೊರಗೊರ ಅನ್ನುತ್ತದೆಂದು ಆಕೆ ತೆಗೆದಿಟ್ಟಿದ್ದೂ ಆಗಿತ್ತು.

"ಏನ್ ಹೇಳೂದೈತಿ ನನ್ಮುಂದ ಹೇಳವಾ ರೋಶನವ್ವ, ಅಕಿಗೆ ಕೈಸನ್ನಿ ಮಾಡಿ ತಿಳಸ್ತೀನಿ" ಎನ್ನುತ್ತಿದ್ದ ದೇವೇಂದ್ರಪ್ಪ.

ಏನು ಹೇಳುವುದು? ಬೀಸುವಾಗ, ಬಟ್ಟೆ ಒಗೆಯುವಾಗ ಇಬ್ಬರೂ ಆಡುತ್ತಿದ್ದ ಮಾತುಗಳನ್ನು ಒಬ್ಬ ಗಂಡಸಿನ ಕೈಸನ್ನೆಯಲ್ಲಿ ಕಳಿಸುವುದಾದರೂ ಹೇಗೆ? "ಆರಾಮದೀನಂತ ಹೇಳ್ರಿ ಅಣ್ಣಾರ" ಎಂದು ರೋಶನಬಿ ಫೋನು ತಮ್ಮನ ಕೈಗಿಡುತ್ತಿದ್ದಳು.

ಅಂಥ ಒಂದು ಶುಕ್ರವಾರ ದೇವೇಂದ್ರಪ್ಪ ಫೋನು ಇಡದೆ ತಡೆದ. "ಒಂದು ಮಾತು ಹೇಳ್ಬೇಕವಾ. ಯಾರ ಮುಂದನೂ ಹೇಳಿಲ್ಲ. ಅಕಿ ಕಿವ್ಯಾಗ ಗಿನ್ನಿ ಕೋಳಿ ಕೂಗತಾವಂತ. ಬೆಳಗಾತಂದ್ರ ಎದ್ದು ಹಿತ್ತಲಕ್ಕ ಹೋಗಿ ಬೇಲ್ಯಾಗ ಬಗ್ಗಿ ಬಗ್ಗಿ ತತ್ತಿ ಹುಡುಕತಾಳ. ಇಲ್ಲಿ ಎಲ್ಲೀ ಗಿನ್ನಿ ಕೋಳಿ? ಡಾಕ್ಟರ್ ಅಂತಾರು, ಕಿವುಡರಿಗೆ ಹಂಗ ಏನರ ಸಪ್ಪಳ ಕೇಳ್ತೈತಂತ. ನನಗ ನೋಡಾಕ ಆಗವಲ್ದು."

ರೋಶನಬಿ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಹಳೆ ಊರಿನಲ್ಲಿ ಗಿನ್ನಿ ಕೋಳಿ ತಂದವನು ದೇವೇಂದ್ರಪ್ಪನೇ. ಅವರು ಲಿಂಗವಂತರು, ತತ್ತಿ ತಿನ್ನುವ ಮನೆಯಲ್ಲ, ಕೋಳಿ ಸಾಕುವ ಮನೆಯೂ ಅಲ್ಲ. ಆದರೆ ಹೊಳೆದಂಡೆಯ ಹಿತ್ತಲಲ್ಲಿ ಹಾವಿನ ಕಾಟ. ಗಿನ್ನಿ ಕೋಳಿ ಹಾವು ಕಂಡರೆ ಊರೇ ಏಳುವಂತೆ ಕಿರುಚುತ್ತದೆಂದು ಯಾರೋ ಹೇಳಿದ ಮೇಲೆ ಕೊಪ್ಪಳದ ಕಡೆಯಿಂದ ಒಂದು ಜೋಡಿ ತಂದು ಬಿಟ್ಟ. ಬೂದು ಮೈತುಂಬ ಬಿಳಿ ಚುಕ್ಕೆ, ಬೋಳು ತಲೆ. ಅರ್ಧ ಕಾಡಿನ ಹಕ್ಕಿ. ಗೂಡಿಗೆ ಬರುವ ಜಾತಿಯಲ್ಲ, ರಾತ್ರಿ ಬೇವಿನ ಮರವೇ ಅದಕ್ಕೆ ಮನೆ. ತತ್ತಿಯನ್ನಂತೂ ಕಳ್ಳಿ ಮೆಳೆಯಲ್ಲಿ, ಹುಲ್ಲಿನ ಬಣವೆಯ ಸಂದಿಯಲ್ಲಿ, ಮನುಷ್ಯರ ಕಣ್ಣಿಗೆ ಬೀಳದ ಕಡೆಯೇ ಇಡುತ್ತಿತ್ತು. ಅದನ್ನು ಪತ್ತೆ ಮಾಡುವುದರಲ್ಲಿ ರೇಣುಕವ್ವ ಗಟ್ಟಿಗಿತ್ತಿ. ಮುಟ್ಟಿದ ಗೂಡಿಗೆ ಹಕ್ಕಿ ಮತ್ತೆ ಬರುವುದಿಲ್ಲವೆಂದು ಕಟ್ಟಿಗೆಯ ಸೌಟಿನಿಂದ ಎತ್ತಿಕೊಂಡು, ಒಂದೆರಡನ್ನು ಅಲ್ಲೇ ಬಿಟ್ಟು, ಉಳಿದುದನ್ನು ಸೆರಗಿನಲ್ಲಿ ಹಾಕಿಕೊಂಡು ರೋಶನಬಿಯ ಕಡೆ ಬರುತ್ತಿದ್ದಳು. ಕಾವಿಗೆ ಕೂರುವ ಊರ ಕೋಳಿ ಇದ್ದದ್ದು ರೋಶನಬಿಯ ಮನೆಯಲ್ಲಿ. ಗಿನ್ನಿ ತಾನಾಗಿ ಮರಿ ಮಾಡಿದರೆ ಅವನ್ನು ಇಬ್ಬನಿಯ ಹುಲ್ಲಿನಲ್ಲಿ ತಿರುಗಿಸಿ ತಿರುಗಿಸಿಯೇ ಕೊಲ್ಲುತ್ತದೆ. ಊರ ಕೋಳಿ ಬೇರೆಯವರ ಮಕ್ಕಳೆಂದು ತಿಳಿಯದೆ ರೆಕ್ಕೆಯಡಿ ಹಾಕಿಕೊಂಡು ಸಾಕುತ್ತದೆ. ಹಾಗೆ ಬೆಳೆದ ಹಿಂಡು ಯಾರದೆಂದು ಯಾರೂ ಕೇಳಲಿಲ್ಲ. ಬೆಳೆದ ಮೇಲೂ ಹೆಣ್ಣು ಗಂಡು ನೋಡಲು ಒಂದೇ. ರೇಣುಕವ್ವ ಮಾತ್ರ ಕಣ್ಣುಮುಚ್ಚಿ ಹೇಳುತ್ತಿದ್ದಳು: "ಹೆಣ್ಣು 'ಬಾ-ರಕ್ಕ, ಬಾ-ರಕ್ಕ' ಅಂತ ಎರಡು ಸಲ ಬಾಯಿ ಬಿಡತೈತಿ. ಗಂಡಿಗೆ ಮಾತ ಬರೂದಿಲ್ಲ, ಬರೇ 'ಚಿಕ್ ಚಿಕ್' ಅಂತ ಬೈತೈತಿ."

ಊರು ಬಿಡುವ ದಿನ ಆ ಹಿಂಡು ಕೈಗೆ ಸಿಗಲಿಲ್ಲ. ಲಾರಿಯ ಸಪ್ಪಳಕ್ಕೆ ಬೆದರಿ ಬೇವಿನ ಮರದ ತುದಿಗೆ ಹೋಗಿ ಕೂತವು. ಆಮೇಲೆ ಬಂದು ಹಿಡಿದರಾಯಿತೆಂದು ರಫೀಕ ಹೇಳಿದ. ಮನೆ ಜೋಡಿಸಿ ಅವರು ಹಿಂದಿರುಗಿ ಬರುವಷ್ಟರಲ್ಲಿ ಓಣಿಯೊಳಗೆ ನೀರಿತ್ತು, ಮರ ಬರಿದಾಗಿತ್ತು. ಹೊಳೆ ದಾಟಿ ಹಾರಿದವೆಂದು ಒಬ್ಬರು, ನಾಯಿ ಹಿಡಿದವೆಂದು ಇನ್ನೊಬ್ಬರು. ರೇಣುಕವ್ವ ಆ ಹೊತ್ತಿಗಾಗಲೇ ಅಸುಂಡಿ ಸೇರಿದ್ದಳು. ಇಬ್ಬರು ಗೆಳತಿಯರಲ್ಲಿ ಬರಿದಾದ ಮರವನ್ನು ನೋಡಿ ಬಂದವಳು ರೋಶನಬಿ ಒಬ್ಬಳೇ.

ಆ ಶುಕ್ರವಾರದ ಸಂಜೆ ಆಕೆ ತಮ್ಮನಿಗೆ ಹೇಳಿದಳು: "ಗಿನ್ನಿ ಕೋಳಿ ಎಲ್ಲಿ ಸಿಗತಾವು ನೋಡು ಮರ್ದಾನ. ರೇಣುಕಕ್ಕಗ ಒಂದು ಜೋಡಿ ಕೊಡ್ಬೇಕು."

"ಪ್ಯಾಟ್ಯಾಗ ಕೊಂಡು ಒಯ್ದು ಕೊಟ್ರಾತು ಆಪಾ."

"ಕೊಂಡಿದ್ದು ಬ್ಯಾಡ. ಕೋಳಿ ಬುಡಕ ಇಟ್ಟು ಮರಿ ಮಾಡಿ ಕೊಡ್ತೀನಿ."

ಮರ್ದಾನಸಾಬ ತನ್ನ ಪಂಕ್ಚರ್ ಅಂಗಡಿಗೆ ಬರುವ ಗಿರಾಕಿಗಳನ್ನು ವಿಚಾರಿಸಿ, ಲಕ್ಷ್ಮೇಶ್ವರದ ಹತ್ತಿರ ತೋಟ ಮಾಡಿಕೊಂಡಿರುವ ಶಿವಯೋಗಿ ಎಂಬವರ ಬಳಿ ದೊಡ್ಡ ಹಿಂಡೇ ಇದೆಯೆಂದು ಪತ್ತೆ ಹಚ್ಚಿಕೊಟ್ಟ.

ಬೇಸಿಗೆಯ ನಡುಮಧ್ಯದಲ್ಲಿ ರೋಶನಬಿ ಲಕ್ಷ್ಮೇಶ್ವರಕ್ಕೆ ಹೋಗಿ, ತಗಡಿನ ಶೆಡ್ಡಿನ ಮೂಲೆಯ ಬುಟ್ಟಿಯಲ್ಲಿ ಕೂಡಿಟ್ಟ ತತ್ತಿಗಳನ್ನು ತಂದಳು. ಶಿರಹಟ್ಟಿ ಮೇಲೆ ಹಾಯ್ದು ಬರುವ ಬಸ್ಸು ತಗ್ಗಿನಲ್ಲಿ ಇಳಿದು ಎದ್ದಾಗೆಲ್ಲ ತೊಡೆಯ ಮೇಲಿನ ಹೊಟ್ಟಿನ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ಮನೆಗೆ ಬಂದವಳೇ ಮಣ್ಣು ಮೆತ್ತಿದ್ದ ತತ್ತಿಗಳನ್ನು ಚೆನ್ನಾಗಿ ತೊಳೆದು, ಒರೆಸಿ, ಕಾವಿಗೆ ಕೂತಿದ್ದ ಕೋಳಿಯಡಿ ಅಂದೇ ಇಟ್ಟಳು. ಚಂದ್ರ ತುಂಬಿ, ಸವೆದು, ಮತ್ತೆ ಎಳೆಯಾಗಿ ಕಾಣಿಸಿದ. ಒಂದೂ ಒಡೆಯಲಿಲ್ಲ. ಕೋಳಿ ಸೊರಗಿ ಅರ್ಧವಾಯಿತು. ಕೊನೆಗೆ ಮರ್ದಾನಸಾಬನ ಹೆಂಡತಿ ಸಾಬೀರಾ ವಾಸನೆ ತಾಳಲಾರದೆ, "ಆಪಾ, ಸಾಕು ಮಾಡ್ರಿ" ಎಂದಳು.

ಆ ತತ್ತಿಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ರೋಶನಬಿ ಪಶು ಆಸ್ಪತ್ರೆಗೆ ಹೋದಳು. ಅಲ್ಲಿಯ ಡಾಕ್ಟರು ಸುಶ್ಮಿತಾ ಎಂಬ ಎಳೆಯ ಹೆಣ್ಣುಮಗಳು. ಕೆಟ್ಟ ತತ್ತಿ ಹೊತ್ತು ಬಂದವರನ್ನು ಆಕೆ ಹಿಂದೆ ಕಂಡಿರಲಿಲ್ಲವೆಂದು ತೋರುತ್ತದೆ. ಆದರೂ ನಗದೆ, ಹಿಂದಿನ ಕಟ್ಟೆಯ ಮೇಲೆ ಒಂದೊಂದಾಗಿ ಒಡೆದು ನೋಡಿದಳು.

"ನೋಡಮ್ಮಾ, ಇದರಾಗ ರಕ್ತದ ಉಂಗುರ ಐತಿ. ಜೀವ ಹಿಡದಿತ್ತು, ಶುರುವಿನಾಗ ಸತ್ತೈತಿ. ತಗಡಿನ ಬುಡಕ ಇಟ್ಟಿದ್ರು ಅಂದ್ರಿ ಹೌದಲ್ಲ? ನಮ್ಮ ಬ್ಯಾಸಗಿ ಧಗಿಗೆ ಕೋಳಿ ಕೂಡೋಕ್ಕಿಂತ ಮೊದಲ ತತ್ತಿ ತಾನ ಬೆಳಿಯಾಕ ಹತ್ತೈತಿ. ಅರ್ಧಂಬರ್ಧ ಬೆಳದು ಸಾಯ್ತೈತಿ. ಇದು ಕೊಳತೈತಿ. ತೊಳದಿದ್ರೇನು?"

"ತೊಳದಿದ್ನಿ. ಮಣ್ಣಾಗಿತ್ತು."

"ತೊಳೀಬಾರದು. ತತ್ತಿ ಮ್ಯಾಲೆ ಕಣ್ಣಿಗೆ ಕಾಣದ ಪೊರಿ ಇರ್ತೈತಿ. ಅದು ಹೋದ್ರ ಹೊಲಸು ಒಳಗ ಇಳೀತೈತಿ. ಮತ್ತ ಬಸ್ಸಿನಾಗ ಕುಲುಕಿ ಬಂದ ತತ್ತಿನ ಒಂದು ರಾತ್ರಿ ತಣ್ಣಗಿರೋ ಕಡೆ ಇಡ್ಬೇಕು, ಚೂಪು ತುದಿ ಕೆಳಗ ಮಾಡಿ. ಗಾಳಿ ಇರೋದು ದಪ್ಪ ತುದ್ಯಾಗ. ಅದು ಅಲ್ಲಾಡಿಬಿಟ್ರ ಮರಿಗೆ ಉಸರಾಟ ಎಲ್ಲಿಂದ?"

ಹಳೆ ಊರಿನಲ್ಲಿ ಇದಾವುದೂ ಬೇಕಾಗಿರಲಿಲ್ಲವಲ್ಲ ಎಂದು ರೋಶನಬಿ ಯೋಚಿಸಿದಳು. ಅಲ್ಲಿ ಮೆಳೆಯಿಂದ ಕೋಳಿಯವರೆಗೆ ರೇಣುಕವ್ವನ ಸೆರಗು ಮಾತ್ರ ಇತ್ತು, ಬಸ್ಸಿರಲಿಲ್ಲ. "ಹಂಗಾರ ತತ್ತಿ ತರೂದು ಬ್ಯಾಡ್ರಿ ಡಾಕ್ಟರವ್ವಾರ, ಹಕ್ಕೀನ ತರ್ತೀನಿ" ಎಂದಳು.

ಶಿವಯೋಗಿ ಉದಾರಿ. ತತ್ತಿ ಕೆಟ್ಟ ಸುದ್ದಿ ಕೇಳಿ ತನ್ನದೇ ತಪ್ಪೆಂಬಂತೆ ನೊಂದುಕೊಂಡು, ಬಲಿತ ನಾಲ್ಕು ಹಕ್ಕಿಗಳನ್ನು ಕೊಟ್ಟು ಕಳಿಸಿದ. ಮುಂಗಾರು ಬಿದ್ದ ಮೇಲೆ ಅವು ತತ್ತಿ ಇಡತೊಡಗಿದವು. ಮೊದಮೊದಲು ತೆಳು ತೊಗಟೆ; ಬೆರಳು ತಾಗಿದರೆ ಬಿರುಕು. ಸುಶ್ಮಿತಾ ಹೇಳಿದಂತೆ ಕಪ್ಪೆಚಿಪ್ಪು ಕುಟ್ಟಿ ಹಾಕಿದಳು, ನುಗ್ಗೆಸೊಪ್ಪು ಹೆಚ್ಚಿ ಹಾಕಿದಳು, ಸಜ್ಜೆಯ ಜೊತೆ ಗೆದ್ದಲನ್ನೂ ಕೆದರಿ ತಂದು ಹಾಕಿದಳು. ತತ್ತಿ ಗಟ್ಟಿಯಾಯಿತು. ಒಂದನ್ನು ಒಡೆದು ನೋಡಿದರೆ ಒಳಗೆ ಅರಿಶಿನದ ಉಂಡೆಯಂಥ ಹಳದಿ ಲೋಳೆ. ನೀರಿನ ಹರವಿಯ ಬುಡದ ತಣ್ಣನೆಯ ಮರಳಿನಲ್ಲಿ ಚೂಪು ತುದಿ ಕೆಳಗೆ ಮಾಡಿ ಕೂಡಿಟ್ಟು, ಹಳತಾಗುವ ಮೊದಲೇ ಕೋಳಿಯಡಿ ಸರಿಸಿದಳು. ಎಲ್ಲವೂ ಸರಿಯಿತ್ತು. ಮತ್ತೆ ಒಂದೂ ಮರಿಯಾಗಲಿಲ್ಲ. ಈ ಸಲ ಒಳಗೆ ರಕ್ತದ ಗೆರೆಯೂ ಇರಲಿಲ್ಲ. ಇಟ್ಟ ದಿನ ಹೇಗಿತ್ತೋ ಹಾಗೇ ತಿಳಿನೀರು.

ಆ ಸಂಜೆ ರೋಶನಬಿ ಹಿತ್ತಲ ಕಲ್ಲಿನ ಮೇಲೆ ಸುಮ್ಮನೆ ಕೂತಳು. ಹಕ್ಕಿಗಳು ಗೋಡೆಯೇರಿ ಕೂಗತೊಡಗಿದವು. ಮೋಡದ ಬೆನ್ನಿಗೆ ಕಪ್ಪತಗುಡ್ಡ ಮಬ್ಬಾಗಿ ಕಾಣುತ್ತಿತ್ತು. 'ಬಾ-ರಕ್ಕ, ಬಾ-ರಕ್ಕ.' ಒಂದು ನಿಲ್ಲಿಸಿದರೆ ಇನ್ನೊಂದು. ಆಕೆಯ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಳ್ಳುವಾಗಲೇ ಥಟ್ಟನೆ ಹೊಳೆಯಿತು: ನಾಲ್ಕೂ ಎರಡೆರಡು ಸಲವೇ ಬಾಯಿ ಬಿಡುತ್ತಿವೆ. ಬೈಯುವುದು ಒಂದೂ ಇಲ್ಲ.

"ಸಾಬೀರಾ!" ಎಂದು ಕೂಗಿದಳು. "ನಾಕೂ ಹೆಣ್ಣವಾ! ಇಷ್ಟ ದಿನ ಗಂಡಿಲ್ಲದ ತತ್ತಿ ಕಾವಿಗಿಟ್ಟೀನಿ ನಾ!"

ಸಾಬೀರಾ ಒಳಗಿಂದ ಬಂದು ಹಣೆ ಹಣೆ ಬಡಿದುಕೊಂಡಳು. ಆಮೇಲೆ ಇಬ್ಬರೂ ನಗತೊಡಗಿದರು. ಎಷ್ಟೋ ದಿನಗಳ ಮೇಲೆ ಅಷ್ಟು ನಕ್ಕದ್ದು.

ಮತ್ತೆ ಲಕ್ಷ್ಮೇಶ್ವರ. "ಗಂಡು ಹಕ್ಕಿ ಯಾವುದಂತ ನನಗ ಗುರ್ತ ಹತ್ತೂದಿಲ್ಲರಿ ಅಕ್ಕಾರ. ನೀವ ಆರಿಸ್ರಿ" ಎಂದ ಶಿವಯೋಗಿ. ರೋಶನಬಿ ತೋಟದ ಮಾವಿನ ಗಿಡದ ಬುಡದಲ್ಲಿ ಕೂತಳು. ಚಹಾ ಬಂತು, ಊಟ ಬಂತು. ಹಿಂಡೆಲ್ಲ ಒಟ್ಟಿಗೆ ಅರಚುವಾಗ ಯಾರ ಬಾಯಿ ಯಾರದೆಂದು ತಿಳಿಯುವುದಿಲ್ಲ. ಒಂದೊಂದು ಒಂಟಿಯಾಗಿ ಕೂಗುವವರೆಗೆ ಕಾಯಬೇಕು. ಬಿಸಿಲು ಇಳಿಯುವ ಹೊತ್ತಿಗೆ ಕಾಲುವೆಯ ಬದುವಿನ ಮೇಲೆ ಒಂದು ಹಕ್ಕಿ ಕತ್ತು ನೀಡಿ ಒಂದೇ ಸಮ 'ಚಿಕ್ ಚಿಕ್ ಚಿಕ್' ಎಂದು ಯಾರನ್ನೋ ಬೈಯಿತು. ಆಕೆ ಎದ್ದು ನಿಂತು ಬೆರಳು ಮಾಡಿದಳು. "ಅದ ನೋಡ್ರಿ. ಅದನ್ನ ಹಿಡೀರಿ."

ಮುಂದಿನ ಸಲ ಇಟ್ಟ ತತ್ತಿಗಳಿಗೆ ಮರ್ದಾನಸಾಬನ ಫೋನಿನ ಬೆಳಕು ಹಿಡಿದು ನೋಡಿದರು. ಗಿನ್ನಿಯ ತೊಗಟೆ ದಪ್ಪ, ಕಂದು. ಸುಲಭಕ್ಕೆ ಒಳಗಿನದು ತೋರುವುದಿಲ್ಲ. ಆದರೂ ಎಳೆ ಬೇರಿನಂಥ ಕೆಂಪು ಎಳೆಗಳು ಹಬ್ಬಿದ್ದು ಕಂಡಿತು. ರೋಶನಬಿ ತತ್ತಿಯನ್ನು ಮತ್ತೆ ಕೋಳಿಯಡಿ ಇಟ್ಟಳು. ಬೆನ್ನಿನುದ್ದಕ್ಕೂ ಕಂದು ಬಿಳಿ ಪಟ್ಟೆಯ ಮರಿಗಳು ಒಡೆದು ಬಂದದ್ದು ಜಿಟಿಜಿಟಿ ಮಳೆ ಹಿಡಿದ ಒಂದು ಮುಂಜಾನೆ. ಕೆಲವು ತತ್ತಿಯೊಳಗೇ ಉಳಿದವು. ಕೆಲವು ಹಸಿ ಹುಲ್ಲಿನಲ್ಲಿ ನೆನೆದು ಸಂಜೆಯ ಹೊತ್ತಿಗೆ ಸೆಟೆದುಕೊಂಡವು. ಸಾಬೀರಾ ಬುಟ್ಟಿಯೊಳಗೆ ಬಲ್ಬು ಇಳಿಬಿಟ್ಟು, ಹಳೆ ಕೌದಿ ಮುಚ್ಚಿ, ಉಳಿದವನ್ನು ಉಳಿಸಿಕೊಟ್ಟಳು. "ನೆರಮನಿಯವರು ಇವುಗಳ ಗದ್ದಲಕ್ಕ ನಮ್ಮನ್ನ ಓಣಿ ಬಿಡಸ್ತಾರು" ಎನ್ನುತ್ತಲೇ ಎದ್ದೆದ್ದು ಹೋಗಿ ಬುಟ್ಟಿ ನೋಡುತ್ತಿದ್ದವಳೂ ಅವಳೇ.

ಸಂಕ್ರಾಂತಿ ಕಳೆದ ಮೇಲೆ ರೋಶನಬಿ ಒಂದು ಗಂಡು, ಎರಡು ಹೆಣ್ಣು ಹಕ್ಕಿಗಳನ್ನು ಮುಚ್ಚಳದ ಬುಟ್ಟಿಯಲ್ಲಿ ಹಾಕಿಕೊಂಡು ಗದಗಿನ ಬಸ್ಸು ಹತ್ತಿ, ಅಲ್ಲಿ ಬಸ್ಸು ಬದಲಿಸಿ ಅಸುಂಡಿಯಲ್ಲಿ ಇಳಿದಳು.

ರೇಣುಕವ್ವ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ಎಷ್ಟು ಸಣ್ಣವಳಾಗಿಬಿಟ್ಟಿದ್ದಾಳೆ! ಮೊರ ಕೆಳಗಿಟ್ಟು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ರೋಶನಾ?" ಎಂದಳು, ತನ್ನ ದನಿ ತನಗೇ ಕೇಳದವರ ಹಾಗೆ ಬಲು ದೊಡ್ಡದಾಗಿ. "ಯವ್ವಾ ನನ ತಂಗಿ, ಎಷ್ಟ ಮುದುಕಿ ಆಗೀಯಲ್ಲ!" ಇಬ್ಬರೂ ತಬ್ಬಿಕೊಂಡರು. ದೇವೇಂದ್ರಪ್ಪ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಬುಟ್ಟಿ ಬಿಚ್ಚಿದಾಗ ರೇಣುಕವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಒಂದು ಹಕ್ಕಿ ಕತ್ತು ಚಾಚಿ ಕಿರುಚಿತು. ಓಣಿಯ ನಾಯಿಗಳೆಲ್ಲ ಎದ್ದವು. ರೇಣುಕವ್ವ ಅದರ ತೆರೆದ ಬಾಯಿಯನ್ನೇ ನೋಡುತ್ತ, "ಕೂಗಾಕತ್ತೈತಿ ಏನು? ನನಗ ಕೇಳವಲ್ದಲ್ಲ" ಎಂದಳು.

ರೋಶನಬಿ ಹಕ್ಕಿಯನ್ನು ಎದೆಗೆ ಒತ್ತಿ ಹಿಡಿದು, ಗೆಳತಿಯ ಅಂಗೈ ತೆಗೆದು ಅದರ ಎದೆಯ ಮೇಲಿಟ್ಟಳು. ಹಕ್ಕಿ ಮತ್ತೆ ಕೂಗಿತು. ರೇಣುಕವ್ವ ಕಣ್ಣುಮುಚ್ಚಿದಳು. "ಎರಡೆರಡು ಸಲ ಬಡೀತೈತಿ" ಎಂದಳು ಮೆಲ್ಲಗೆ. "ಹೆಣ್ಣದು."

ರೋಶನಬಿ ಅಳುತ್ತ ತಲೆಯಾಡಿಸಿದಳು. ಈಗ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ಆದರೆ ರೇಣುಕವ್ವ ಕೈ ತೆಗೆಯದೆ ಹೇಳಿದಳು: "ಚೊಲೋ ಅದಾವು. ಆದ್ರ ನನ್ನ ಕಿವ್ಯಾಗ ಕೂಗೋವು ಇವಲ್ಲ ತಂಗಿ. ಅವು ನಮ್ಮೂರವು. ಅವು ಇನ್ನೂ ಕೂಗಾಕತ್ತಾವು."

ಹೊಸ ಜಾಗಕ್ಕೆ ಒಗ್ಗುವವರೆಗೆ ಗಿನ್ನಿಯನ್ನು ಕೂಡಿಹಾಕಬೇಕು, ಇಲ್ಲದಿದ್ದರೆ ಹಾರಿ ಹೋಗುತ್ತವೆ. ಆ ನೆವದಿಂದ ರೋಶನಬಿ ಅಲ್ಲೇ ಉಳಿದಳು. ಹಗಲೆಲ್ಲ ರೇಣುಕವ್ವ ಮಾತಾಡುತ್ತಿದ್ದಳು. ಒಳಗೆ ಕೂಡಿಟ್ಟದ್ದನ್ನೆಲ್ಲ ಆಡಿ ಬರಿದು ಮಾಡುತ್ತಿದ್ದಳು. ರೋಶನಬಿಗೆ ಉತ್ತರ ಕೊಡುವ ದಾರಿಯಿರಲಿಲ್ಲ. ತಲೆಯಾಡಿಸುವಳು, ಕೈ ಹಿಡಿಯುವಳು, ಕೂದಲು ಬಾಚಿ ಕೊಡುವಳು. ಒಂದು ಮಧ್ಯಾಹ್ನ ರೇಣುಕವ್ವ ಥಟ್ಟನೆ ಕೇಳಿದಳು: "ನೀ ಹೋಗಿದ್ಯಲ್ಲ ಊರ ನೋಡಾಕ. ಬೇವಿನ ಗಿಡ ಐತೇನು?"

ಬೇವಿನ ಮರ ನೀರಿನ ನಡುವೆ ಒಣಗಿ ನಿಂತಿತ್ತು. ಎಲೆಯಿಲ್ಲ, ತೊಗಟೆಯಿಲ್ಲ. ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಹೋದ ವರ್ಷವೇ ರೋಶನಬಿ ದಂಡೆಯಲ್ಲಿ ನಿಂತು ನೋಡಿ ಬಂದಿದ್ದಳು. ಆಕೆ ಕೈಯೆತ್ತಿ, ಐತಿ, ಎತ್ತರಕ್ಕೆ ನಿಂತೈತಿ ಎಂದು ಸನ್ನೆ ಮಾಡಿದಳು.

"ಹಕ್ಕಿ ಕೂಡ್ತಾವೇನು ಅದರ ಮ್ಯಾಲೆ?"

ಕೂರುತ್ತವೆ ಎಂದು ತಲೆಯಾಡಿಸಿದಳು. ಅದು ಸುಳ್ಳೇನಲ್ಲ. ರೇಣುಕವ್ವ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳೆಂದು ದೇವೇಂದ್ರಪ್ಪ ಮರುದಿನ ಹೇಳಿದ.

ರೋಶನಬಿ ಮುಂಡರಗಿಗೆ ಮರಳಿದಳು. ಮುಂಗಾರಿನ ಹೊತ್ತಿಗೆ ದೇವೇಂದ್ರಪ್ಪನ ಫೋನು ಬಂತು, ಶುಕ್ರವಾರವೂ ಆಗಿರಲಿಲ್ಲ. ದನಿಯಲ್ಲಿ ಉತ್ಸಾಹವಿತ್ತು. "ಬೇಲ್ಯಾಗ ತತ್ತಿ ಸಿಕ್ಕಾವವಾ! ಅಕಿನ ಹುಡುಕಿದ್ಳು. ಮರಳಿನಾಗ ಇಟ್ಟಾಳ. ನಿಮ್ಮ ಕಡೆ ಬಸ್ಸಿಗೆ ಕಳಸ್ಬೇಕಂತ, ಕಾವಿಗೆ ಇಡಾಕ."

"ಬ್ಯಾಡ್ರಿ ಅಣ್ಣಾರ! ಬಸ್ಸಿನಾಗ ಕೆಡತಾವು. ಅಲ್ಲೇ ಇಡ್ರಿ. ನಾನ ಬರ್ತೀನಿ."

ಮರುದಿನ ಆಕೆ ಕಾವಿಗೆ ಕೂತಿದ್ದ ಕೋಳಿಯನ್ನೇ, ಕೂತ ಬುಟ್ಟಿಯ ಸಮೇತ, ಬಟ್ಟೆ ಕಟ್ಟಿ ಎತ್ತಿಕೊಂಡು ಹೊರಟಳು. ಬುಟ್ಟಿ ಬದಲಾದರೆ ಕೋಳಿ ಕಾವು ಬಿಟ್ಟೇಳುವ ಭಯ. ಅದಕ್ಕೆ ಒಳಗೆ ಎರಡು ಹುಸಿ ತತ್ತಿ. ಕಂಡಕ್ಟರ್, "ಅಜ್ಜೀ, ಕೋಳಿಗೆ ಟಿಕೆಟ್ ತಗಸ್ರಿ" ಎಂದು ನಕ್ಕ. ಕೋಳಿ ದಾರಿಯುದ್ದಕ್ಕೂ ಕೊಕ್ಕೆತ್ತಲಿಲ್ಲ. ಅಸುಂಡಿಯ ಲಿಂಗವಂತರ ಮನೆಯ ಹಿತ್ತಲಿನಲ್ಲಿ ಕೋಳಿಯೊಂದು ಕಾವಿಗೆ ಕೂತದ್ದನ್ನು ನೋಡಲು ಮಗಳು ಕಾಂಚನಾಳ ಅತ್ತೆಯೇ ಬಂದು, ಚಹಾ ಕುಡಿದು ಹೋದಳು.

ಆದರೆ ಮರಿ ಒಡೆಯುವವರೆಗೆ ರೋಶನಬಿಗೆ ಇರಲಾಗಲಿಲ್ಲ. ಸಾಬೀರಾ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಮರ್ದಾನಸಾಬ ಫೋನು ಮಾಡಿದ ದಿನವೇ ಆಕೆ ಹೊರಟಳು. ರೇಣುಕವ್ವ ಬಸ್ಸಿನ ಕಿಟಕಿಯ ಸರಳು ಹಿಡಿದುಕೊಂಡು, "ಮರಿ ನೋಡಾಕ ಬರ್ತೀಯಲ್ಲ? ಬರ್ತೀಯಲ್ಲ?" ಎಂದು ಜೋರಾಗಿ ಕೇಳುತ್ತಲೇ ಇದ್ದಳು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮರಿಗಳಾದವು. ಶುಕ್ರವಾರದ ಫೋನಿನಲ್ಲಿ ದೇವೇಂದ್ರಪ್ಪನೇ ಹೇಳಿದ. ರೇಣುಕವ್ವ ಊಟ ಕೂಡ ಬುಟ್ಟಿಯ ಹತ್ತಿರವೇ ಮಾಡುತ್ತಾಳಂತೆ. ಇಬ್ಬನಿ ಆರುವವರೆಗೆ ಕೋಳಿಯನ್ನು ಹೊರಗೆ ಬಿಡುವುದಿಲ್ಲವಂತೆ.

"ಬೆನ್ನಮ್ಯಾಲಿನ ಪಟ್ಟಿ ಎದ್ದು ಕಾಣ್ತಾವೇನ್ರಿ ಅಣ್ಣಾರ? ಕಂದು, ಬಿಳಿ, ಕಂದು, ಹಂಗ?" ಎಂದು ರೋಶನಬಿ ಕೇಳಿದಳು.

"ಅವೆಲ್ಲಾ ನನಗೇನ್ ತಿಳೀತೈತವಾ" ಎಂದ ದೇವೇಂದ್ರಪ್ಪ. "ಮರಿ ಅದಾವು. ಓಡ್ಯಾಡ್ತಾವು. ನೀನ ಬಂದು ನೋಡು."

ಸಾಬೀರಾಳ ಕೈಪಟ್ಟಿ ಇನ್ನೂ ಬಿಚ್ಚಿಲ್ಲ. ಮೂರು ಹೊತ್ತಿನ ರೊಟ್ಟಿ ರೋಶನಬಿಯದೇ. ಮಹಾನವಮಿ ಕಳೆದು ದೀಪಾವಳಿಯ ಹೊತ್ತಿಗಾದರೂ ಹೋಗಬೇಕೆಂದು ಆಕೆ ಅಂದುಕೊಂಡಿದ್ದಾಳೆ. ಅಷ್ಟು ಹೊತ್ತಿಗೆ ಮರಿಗಳ ಬೆನ್ನ ಮೇಲಿನ ಪಟ್ಟೆಗಳೆಲ್ಲ ಮಾಸಿಹೋಗಿ, ಚುಕ್ಕೆಗಳು ಮೂಡಿರುತ್ತವೆ.